ಕಾರ್ಖಾನೆಗೆ ಬೀಗ ಬಿದ್ದ ಮೇಲೆ ಊರಿನ ಹೊಣೆ ಯಾರದು?

ಭದ್ರಾವತಿ: 2023ರ ಜನವರಿಯಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದ ಆಡಳಿತ ಮಂಡಳಿಯು ಇಲ್ಲಿನ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕು ಕಾರ್ಖಾನೆಯನ್ನು ಮುಚ್ಚಲು ತೀರ್ಮಾನಿಸಿತು. ಸುದ್ದಿ ತಲುಪಿದ ಕೆಲವೇ ದಿನಗಳಲ್ಲಿ ಕಾರ್ಖಾನೆಯ ಮುಂದೆ ಧರಣಿ ಆರಂಭವಾಯಿತು. ಅದು ತಿಂಗಳುಗಟ್ಟಲೆ ನಡೆಯಿತು. ಧರಣಿ ಕುಳಿತವರಲ್ಲಿ ಹೆಚ್ಚಿನವರು ಕಾಯಂ ನೌಕರರಾಗಿರಲಿಲ್ಲ, ಗುತ್ತಿಗೆ ಕಾರ್ಮಿಕರಾಗಿದ್ದರು. ಅವರೊಂದಿಗೆ ಅವರ ಮನೆಯವರು, ಅಂಗಡಿ ಮುಂಗಟ್ಟುಗಳವರು, ಮಠಾಧೀಶರು, ಎಲ್ಲ ಪಕ್ಷಗಳ ಮುಖಂಡರು ಬಂದು ಕುಳಿತರು. ಅದೇ ವರ್ಷದ ಆಗಸ್ಟ್‌ನಲ್ಲಿ ಕಾರ್ಖಾನೆಯ ಬಾರ್ ಮಿಲ್‌ಗೆ ಮತ್ತೆ ಚಾಲನೆ ದೊರೆತಾಗ ಊರು ನಿಟ್ಟುಸಿರು ಬಿಟ್ಟಿತು.

ಭದ್ರಾವತಿಗೆ ಇಂಥ ಆತಂಕ ಹೊಸದಲ್ಲ. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ ಕಳೆದ ದಶಕದ ಮಧ್ಯಭಾಗದಲ್ಲೇ ಉತ್ಪಾದನೆ ನಿಲ್ಲಿಸಿತ್ತು. ಒಂದು ಊರಿನ ಎರಡು ಕಣ್ಣುಗಳಂತಿದ್ದ ಎರಡು ಕಾರ್ಖಾನೆಗಳಲ್ಲಿ ಒಂದು ಮುಚ್ಚಿ, ಇನ್ನೊಂದು ಅಳಿವು ಉಳಿವಿನ ನಡುವೆ ತೂಗಾಡಿದಾಗ ಏಳುವ ಪ್ರಶ್ನೆ ಕೇವಲ ಕೆಲಸ ಕಳೆದುಕೊಂಡವರದಲ್ಲ. ಕಾರ್ಖಾನೆಗೆ ಬೀಗ ಬಿದ್ದರೆ ಕಾರ್ಮಿಕನಿಗೆ ಸಿಗುವುದೇನು? ಕಾರ್ಖಾನೆಯನ್ನೇ ನಂಬಿದ ಊರಿಗೆ ಸಿಗುವುದೇನು? ಮೊದಲ ಪ್ರಶ್ನೆಗೆ ಕಾನೂನಿನಲ್ಲಿ ಒಂದಿಷ್ಟು ಉತ್ತರವಿದೆ. ಎರಡನೆಯದಕ್ಕೆ ಬಹುಮಟ್ಟಿಗೆ ಉತ್ತರವೇ ಇಲ್ಲ.

ಊರು ಕಟ್ಟಿದ ಕಾರ್ಖಾನೆ

ಭದ್ರಾವತಿ ಕಾರ್ಖಾನೆ ಹುಟ್ಟಿದ್ದು ಮೈಸೂರು ಸಂಸ್ಥಾನದ ಕಾಲದಲ್ಲಿ. ಮಲೆನಾಡಿನ ಮರ, ಕೆಮ್ಮಣ್ಣುಗುಂಡಿಯ ಅದಿರು, ಭದ್ರಾ ನದಿಯ ನೀರು ಇವುಗಳನ್ನು ನಂಬಿ ಕಟ್ಟಿದ ಈ ಕಾರ್ಖಾನೆಯಲ್ಲಿ 1923ರಲ್ಲಿ ಕಬ್ಬಿಣದ ಉತ್ಪಾದನೆ ಆರಂಭವಾಯಿತು. ನಷ್ಟದ ಹಾದಿಯಲ್ಲಿದ್ದ ಅದನ್ನು ಸರ್ ಎಂ. ವಿಶ್ವೇಶ್ವರಯ್ಯನವರು ಆಡಳಿತ ಮಂಡಳಿಯ ಅಧ್ಯಕ್ಷರಾಗಿ ದಡ ಸೇರಿಸಿದರು. 1989ರಲ್ಲಿ ಕಾರ್ಖಾನೆ ಉಕ್ಕು ಪ್ರಾಧಿಕಾರದ ಅಧೀನಕ್ಕೆ ಬಂದು, 1998ರಲ್ಲಿ ಅದರಲ್ಲೇ ವಿಲೀನವಾಯಿತು. ಸ್ವಂತ ಅದಿರು ಗಣಿ ಇಲ್ಲದಿರುವುದು, ಹಳೆಯ ಯಂತ್ರೋಪಕರಣಗಳು ಮತ್ತು ಬಂಡವಾಳದ ಕೊರತೆ ಸೇರಿ ಅದನ್ನು ಕೃಶವಾಗಿಸಿದವು. 2016ರಲ್ಲಿ ಷೇರು ವಿಕ್ರಯಕ್ಕೆ ತಾತ್ವಿಕ ಒಪ್ಪಿಗೆ ದೊರೆತರೂ ಕೊಳ್ಳುವವರು ಮುಂದೆ ಬರಲಿಲ್ಲ.

ಇಂಥ ಕಾರ್ಖಾನೆ ಸಂಬಳವನ್ನಷ್ಟೇ ಕೊಡುವುದಿಲ್ಲ. ವಸತಿಗೃಹ, ಆಸ್ಪತ್ರೆ, ಶಾಲೆ, ಕುಡಿಯುವ ನೀರು, ಬೀದಿ ದೀಪ, ಆಟದ ಮೈದಾನ ಎಲ್ಲವನ್ನೂ ಕೊಡುತ್ತದೆ. ಸಂಬಳದ ದಿನ ಬಟ್ಟೆ ಅಂಗಡಿಯಲ್ಲಿ ವ್ಯಾಪಾರ, ಪಾಳಿ ಮುಗಿಯುವ ಹೊತ್ತಿಗೆ ಹೋಟೆಲಿನಲ್ಲಿ ಚಹಾ, ಹೊರಗುತ್ತಿಗೆ ಪಡೆದ ಸಣ್ಣ ವರ್ಕ್‌ಶಾಪ್‌ಗಳಿಗೆ ಕೆಲಸ, ಲಾರಿಗಳಿಗೆ ಬಾಡಿಗೆ, ಮನೆ ಮಾಲೀಕರಿಗೆ ಬಾಡಿಗೆದಾರರು ಇವೆಲ್ಲವೂ ಅದೇ ಗೇಟಿನಿಂದ ಹೊರಡುತ್ತವೆ. 2011ರ ಜನಗಣತಿಯಂತೆ ಭದ್ರಾವತಿ ನಗರದ ಜನಸಂಖ್ಯೆ ಸುಮಾರು ಒಂದೂವರೆ ಲಕ್ಷ. ಅವರಲ್ಲಿ ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಹೆಸರಿರುವವರು ಒಂದು ಸಣ್ಣ ಪಾಲು. ಆದರೆ ಕಾರ್ಖಾನೆ ನಿಂತರೆ ಅದರ ಬಿಸಿ ತಟ್ಟುವುದು ಆ ಸಣ್ಣ ಪಾಲಿಗೆ ಮಾತ್ರವಲ್ಲ.

ಕಾನೂನು ಏನು ಹೇಳುತ್ತದೆ?

ಕಾರ್ಖಾನೆ ಮುಚ್ಚುವಿಕೆ ಮತ್ತು ಉದ್ಯೋಗ ಕಡಿತವನ್ನು ದಶಕಗಳ ಕಾಲ ನಿಯಂತ್ರಿಸಿದ್ದು 1947ರ ಕೈಗಾರಿಕಾ ವಿವಾದಗಳ ಕಾಯ್ದೆ. ನೂರು ಅಥವಾ ಹೆಚ್ಚು ಕಾರ್ಮಿಕರಿದ್ದ ಕಾರ್ಖಾನೆಯನ್ನು ಮುಚ್ಚಬೇಕಾದರೆ ಸರಕಾರದ ಪೂರ್ವಾನುಮತಿ ಬೇಕು ಎಂಬುದು ಅದರ ಮುಖ್ಯ ಕಟ್ಟಳೆಯಾಗಿತ್ತು. ಆ ಕಾಯ್ದೆಯ ಜಾಗಕ್ಕೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದು, 2025ರ ನವೆಂಬರ್ 21ರಂದು ಜಾರಿಯಾಯಿತು. ಹೊಸ ಸಂಹಿತೆಯಲ್ಲಿ ಪೂರ್ವಾನುಮತಿಯ ಮಿತಿಯನ್ನು 300 ಕಾರ್ಮಿಕರಿಗೆ ಏರಿಸಲಾಗಿದೆ. ಅದಕ್ಕಿಂತ ಕಡಿಮೆ ಕಾರ್ಮಿಕರಿರುವ ಕಾರ್ಖಾನೆಯ ಮಾಲೀಕ ಮುಂಚಿತವಾಗಿ ನೋಟಿಸು ಮತ್ತು ನಿಗದಿತ ಪರಿಹಾರ ಕೊಟ್ಟರೆ ಸಾಕು, ಸರಕಾರದ ಅನುಮತಿಗಾಗಿ ಕಾಯಬೇಕಿಲ್ಲ. ಮುನ್ನೂರು ಮತ್ತು ಹೆಚ್ಚು ಕಾರ್ಮಿಕರಿರುವಲ್ಲಿ ಮುಚ್ಚುವ 90 ದಿನ ಮೊದಲು ಅರ್ಜಿ ಸಲ್ಲಿಸಬೇಕು. ಸರಕಾರ 60 ದಿನಗಳೊಳಗೆ ಉತ್ತರಿಸದಿದ್ದರೆ ಅನುಮತಿ ಕೊಟ್ಟಂತೆಯೇ ಎಂದು ಭಾವಿಸಲಾಗುತ್ತದೆ.

ಪರಿಹಾರದ ಸೂತ್ರ ಮಾತ್ರ ಹಳೆಯದೇ ಉಳಿದಿದೆ. ಪೂರೈಸಿದ ಪ್ರತಿ ಸೇವಾ ವರ್ಷಕ್ಕೆ 15 ದಿನಗಳ ಸರಾಸರಿ ವೇತನ. ಆರು ತಿಂಗಳಿಗೆ ಮೀರಿದ ಅವಧಿಯನ್ನೂ ಒಂದು ವರ್ಷವೆಂದೇ ಎಣಿಸಬೇಕು. ಇದರ ಜತೆಗೆ ಗ್ರಾಚ್ಯುಟಿ, ಭವಿಷ್ಯನಿಧಿ, ಬಾಕಿ ರಜೆಯ ವೇತನ ಸಲ್ಲಬೇಕು. ಹೊಸ ಸಂಹಿತೆ ಸೇರಿಸಿದ ಒಂದು ಅಂಶವೆಂದರೆ ಮರುಕೌಶಲ ನಿಧಿ. ಉದ್ಯೋಗ ಕಡಿತಕ್ಕೊಳಗಾದ ಪ್ರತಿ ಕಾರ್ಮಿಕನ ಹೆಸರಿನಲ್ಲಿ ಮಾಲೀಕ 15 ದಿನಗಳ ವೇತನಕ್ಕೆ ಸಮನಾದ ಮೊತ್ತವನ್ನು ಈ ನಿಧಿಗೆ ಕಟ್ಟಬೇಕು. ಅದು 45 ದಿನಗಳೊಳಗೆ ಕಾರ್ಮಿಕನ ಖಾತೆ ಸೇರಬೇಕು. ಹೊಸ ಕೆಲಸ ಕಲಿಯಲು ನೆರವಾಗಲೆಂಬುದು ಇದರ ಆಶಯ. ಆದರೆ ಅರ್ಧ ತಿಂಗಳ ಸಂಬಳದಲ್ಲಿ ನಲವತ್ತು ದಾಟಿದ ಕಾರ್ಮಿಕ ಯಾವ ಹೊಸ ಕಸುಬನ್ನು ಕಲಿಯಬಲ್ಲ ಎಂಬ ಪ್ರಶ್ನೆ ಉಳಿದೇ ಇದೆ.

ರಾಜ್ಯ ವಿಮೆಗೆ ಒಳಪಟ್ಟ ಕಾರ್ಮಿಕರಿಗೆ ಇನ್ನೆರಡು ಆಸರೆಗಳಿವೆ. 2005ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆಯು ಕಾರ್ಖಾನೆ ಮುಚ್ಚಿದಾಗ ಅಥವಾ ಉದ್ಯೋಗ ಕಡಿತವಾದಾಗ ನಿರುದ್ಯೋಗ ಭತ್ಯೆ ನೀಡುತ್ತದೆ. ನಿಗದಿತ ಅವಧಿಯ ವಂತಿಗೆ ಕಟ್ಟಿದವರಿಗೆ ಮೊದಲ 12 ತಿಂಗಳು ವೇತನದ ಶೇ. 50 ಮತ್ತು ಮುಂದಿನ 12 ತಿಂಗಳು ಶೇ. 25ರಷ್ಟು ಭತ್ಯೆ ದೊರೆಯುತ್ತದೆ. ಆ ಅವಧಿಯಲ್ಲಿ ಕುಟುಂಬಕ್ಕೆ ವೈದ್ಯಕೀಯ ಸೌಲಭ್ಯವೂ ಮುಂದುವರಿಯುತ್ತದೆ. 2018ರಲ್ಲಿ ಬಂದ ಅಟಲ್ ಬಿಮಿತ್ ವ್ಯಕ್ತಿ ಕಲ್ಯಾಣ ಯೋಜನೆಯಡಿ ಗರಿಷ್ಠ 90 ದಿನಗಳ ಭತ್ಯೆಯಿದ್ದು, 2020ರಲ್ಲಿ ಅದರ ದರವನ್ನು ಸರಾಸರಿ ದಿನಗಳಿಕೆಯ ಶೇ. 25ರಿಂದ ಶೇ. 50ಕ್ಕೆ ಏರಿಸಲಾಯಿತು. ಈ ಸವಲತ್ತುಗಳು ತಾವಾಗಿ ಮನೆಬಾಗಿಲಿಗೆ ಬರುವುದಿಲ್ಲ. ಕೆಲಸ ಕಳೆದುಕೊಂಡವನು ಅರ್ಜಿ ಹಾಕಬೇಕು. ಅರ್ಜಿ ಹಾಕಬಹುದು ಎಂಬುದು ಬಹಳ ಮಂದಿಗೆ ಗೊತ್ತೇ ಇರುವುದಿಲ್ಲ.

ಇಪ್ಪತ್ತು ವರ್ಷಕ್ಕೆ ಇಪ್ಪತ್ತೊಂದು ತಿಂಗಳು

ಒಂದು ಉದಾಹರಣೆಯ ಲೆಕ್ಕ ನೋಡಬಹುದು. ತಿಂಗಳಿಗೆ 15,600 ರೂಪಾಯಿ ವೇತನ ಪಡೆಯುವ ಕಾರ್ಮಿಕನೊಬ್ಬ ಒಂದೇ ಕಾರ್ಖಾನೆಯಲ್ಲಿ 20 ವರ್ಷ ದುಡಿದಿದ್ದಾನೆ ಎಂದಿಟ್ಟುಕೊಳ್ಳೋಣ. ಗ್ರಾಚ್ಯುಟಿಯ ಲೆಕ್ಕದಲ್ಲಿ ತಿಂಗಳಿಗೆ 26 ದಿನ. ಹಾಗಾಗಿ ಆತನ ದಿನದ ವೇತನ 600 ರೂಪಾಯಿ, ಹದಿನೈದು ದಿನಕ್ಕೆ 9,000 ರೂಪಾಯಿ, ಇಪ್ಪತ್ತು ವರ್ಷಕ್ಕೆ 1,80,000 ರೂಪಾಯಿ. ಮುಚ್ಚುವಿಕೆಯ ಪರಿಹಾರ ವರ್ಷಕ್ಕೆ ಅರ್ಧ ತಿಂಗಳ ವೇತನದಂತೆ 1,56,000 ರೂಪಾಯಿ. ಎರಡೂ ಸೇರಿ 3,36,000 ರೂಪಾಯಿ. ಅಂದರೆ ಇಪ್ಪತ್ತು ವರ್ಷಗಳ ದುಡಿಮೆಗೆ ಸುಮಾರು ಇಪ್ಪತ್ತೊಂದೂವರೆ ತಿಂಗಳ ಸಂಬಳ.

ಭವಿಷ್ಯನಿಧಿಯ ಉಳಿತಾಯ ಇದಕ್ಕೆ ಸೇರುತ್ತದೆ ನಿಜ. ಆದರೆ ಅದು ಮುಪ್ಪಿನ ಕಾಲಕ್ಕೆಂದು ಕೂಡಿಟ್ಟ ಹಣ. ಒಮ್ಮೆಲೇ ಕೈಗೆ ಬಂದ ಮೊತ್ತಕ್ಕೆ ಹಳೆಯ ಸಾಲ, ಮಗಳ ಮದುವೆ, ಅರ್ಧಕ್ಕೆ ನಿಂತ ಮನೆ, ಸಂಬಂಧಿಕರ ಕೈಗಡ ಹೀಗೆ ನೂರು ದಾರಿಗಳು ಕಾದಿರುತ್ತವೆ. ಸ್ವಯಂ ನಿವೃತ್ತಿ ಪಡೆದವರು ಆ ಹಣದಲ್ಲಿ ಆಟೋ ಕೊಳ್ಳುವುದು, ಅಂಗಡಿ ತೆರೆಯುವುದು ಎಲ್ಲ ಕಾರ್ಖಾನೆ ಊರುಗಳಲ್ಲೂ ಕಂಡ ದೃಶ್ಯ. ಒಂದೇ ಬೀದಿಯಲ್ಲಿ ಹತ್ತು ಅಂಗಡಿಗಳು ತೆರೆದರೆ, ಕೊಳ್ಳಬೇಕಾದವರ ಸಂಬಳವೂ ನಿಂತು ಹೋಗಿದ್ದರೆ, ವ್ಯಾಪಾರ ನಡೆಯುವುದು ಹೇಗೆ? ಒಬ್ಬ ಕಾರ್ಮಿಕನ ಕೆಲಸ ಹೋದಾಗ ಊರು ಅವನನ್ನು ಹಿಡಿದೆತ್ತುತ್ತದೆ. ಎಲ್ಲರ ಕೆಲಸವೂ ಒಟ್ಟಿಗೆ ಹೋದಾಗ ಹಿಡಿದೆತ್ತಬೇಕಾದ ಊರೇ ಕುಸಿದಿರುತ್ತದೆ. ಕಾನೂನಿನ ಸೂತ್ರದಲ್ಲಿ ಈ ವ್ಯತ್ಯಾಸಕ್ಕೆ ಜಾಗವಿಲ್ಲ.

ಲೆಕ್ಕಕ್ಕೆ ಸಿಗದವರು

ಮೇಲಿನ ಲೆಕ್ಕ ಕಾಯಂ ಕಾರ್ಮಿಕನದು. ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ಮುಚ್ಚುವ ತೀರ್ಮಾನ ಬಂದಾಗ ಕಾಯಂ ನೌಕರರು ಕೆಲವೇ ನೂರು, ಗುತ್ತಿಗೆ ಕಾರ್ಮಿಕರು ಸಾವಿರಕ್ಕೂ ಹೆಚ್ಚು. ಹಲವು ರಾಜ್ಯಗಳಲ್ಲಿ ಘಟಕಗಳಿರುವ ಸಂಸ್ಥೆ ಕಾಯಂ ನೌಕರರನ್ನು ಬೇರೆ ಕಡೆಗೆ ವರ್ಗಾಯಿಸಬಹುದು. ಗುತ್ತಿಗೆ ಕಾರ್ಮಿಕನಿಗೆ ಆ ದಾರಿಯೂ ಇಲ್ಲ. ಕಾಗದದ ಮೇಲೆ ಆತ ಗುತ್ತಿಗೆದಾರನ ಆಳು. ಗುತ್ತಿಗೆ ಮುಗಿದರೆ ಅವನ ಕೆಲಸ ‘ಹೋಯಿತು’ ಎಂದು ಯಾರೂ ಬರೆಯುವುದಿಲ್ಲ, ‘ನವೀಕರಣವಾಗಲಿಲ್ಲ’ ಎಂದು ಬರೆಯುತ್ತಾರೆ. ಗುತ್ತಿಗೆದಾರ ಬದಲಾದಂತೆಲ್ಲ ಸೇವೆಯ ಲೆಕ್ಕವೂ ಹೊಸದಾಗಿ ಆರಂಭವಾಗುವುದರಿಂದ ಅದೇ ಕುಲುಮೆಯ ಮುಂದೆ ಹದಿನೈದು ವರ್ಷ ನಿಂತವನು ದಾಖಲೆಯಲ್ಲಿ ಎರಡು ವರ್ಷದ ಕಾರ್ಮಿಕನಾಗಿ ಕಾಣಬಹುದು. ಗುತ್ತಿಗೆದಾರ ವೇತನ ಕೊಡದಿದ್ದರೆ ಅದನ್ನು ಭರಿಸುವ ಹೊಣೆ ಮೂಲ ಮಾಲೀಕನದು ಎಂದು ಕಾನೂನು ಹೇಳುತ್ತದೆ. ಆದರೆ ಬಾಕಿ ಸಂಬಳ ಬೇರೆ, ಕಳೆದುಹೋದ ಬದುಕಿನ ಪರಿಹಾರ ಬೇರೆ.

ಗುತ್ತಿಗೆ ಕಾರ್ಮಿಕನ ಆಚೆಗೆ ಇನ್ನೊಂದು ವರ್ತುಲವಿದೆ. ಕಾರ್ಖಾನೆಯ ವಸತಿಗೃಹಗಳಲ್ಲಿ ಮನೆಗೆಲಸ ಮಾಡುವ ಮಹಿಳೆ, ಗೇಟಿನ ಬಳಿ ಬುಟ್ಟಿ ಇಟ್ಟು ಹಣ್ಣು ಮಾರುವಾಕೆ, ಟೈಲರು, ಸೈಕಲ್ ರಿಪೇರಿಯವನು. ಇವರ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇರುವುದಿಲ್ಲ. ಇವರ ಗಳಿಕೆ ನಿಂತದ್ದಕ್ಕೆ ಯಾವ ಇಲಾಖೆಯೂ ಜವಾಬ್ದಾರಿಯಲ್ಲ.

ಕೋಲಾರ ಚಿನ್ನದ ಗಣಿಯ ಪಾಠ

ಇಡೀ ಊರಿನ ದುಡಿಮೆ ಒಂದೇ ದಿನ ನಿಂತರೆ ಏನಾಗುತ್ತದೆ ಎಂಬುದನ್ನು ತಿಳಿಯಲು ಕರ್ನಾಟಕದವರು ದೂರ ಹೋಗಬೇಕಿಲ್ಲ. ಕೋಲಾರ ಚಿನ್ನದ ಗಣಿ, ಜನರ ಬಾಯಲ್ಲಿ ಕೆಜಿಎಫ್, ಅದಕ್ಕೆ ಸಾಕ್ಷಿ. 1880ರಲ್ಲಿ ಜಾನ್ ಟೇಲರ್ ಕಂಪೆನಿ ಕಾಲಿಟ್ಟ ಮೇಲೆ ಬೆಳೆದ ಈ ಊರು 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ಪಡೆದಿತ್ತು. ಬೇತಮಂಗಲದಿಂದ ನಲ್ಲಿ ನೀರು ಬರುತ್ತಿತ್ತು. ಗಣಿಯೊಳಗಿನ ಕೆಲವು ಹಂತಗಳು ಮೂರು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿದ್ದವು. ಗಣಿ 1956ರಲ್ಲಿ ಮೈಸೂರು ರಾಜ್ಯದ ಸ್ವಾಮ್ಯಕ್ಕೂ, 1962ರಲ್ಲಿ ಕೇಂದ್ರ ಸರಕಾರಕ್ಕೂ ಸೇರಿ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಕಂಪೆನಿಯಾಯಿತು. ಅದಿರಿನಲ್ಲಿ ಚಿನ್ನದ ಅಂಶ ಕುಗ್ಗಿತು, ಆಳಕ್ಕೆ ಇಳಿದಂತೆ ವೆಚ್ಚ ಏರಿತು. 1992ರಲ್ಲಿ ಕಂಪೆನಿ ರೋಗಗ್ರಸ್ತ ಉದ್ದಿಮೆಗಳ ಮಂಡಳಿಯ ಮುಂದೆ ಬಂತು. 2001ರ ಫೆಬ್ರವರಿ ಕೊನೆಗೆ ಗಣಿಗೆ ಬೀಗ ಬಿತ್ತು.

ಗಮನಿಸಬೇಕಾದ ಸಂಗತಿಯೆಂದರೆ, ಗಣಿ ಮುಚ್ಚುವುದೆಂಬುದು ಯಾರಿಗೂ ಅನಿರೀಕ್ಷಿತವಾಗಿರಲಿಲ್ಲ. ಒಂದು ಕಾಲಕ್ಕೆ ಮೂವತ್ತು ಸಾವಿರದಷ್ಟಿದ್ದ ಕಾರ್ಮಿಕರ ಸಂಖ್ಯೆ ಕೊನೆಯ ಹೊತ್ತಿಗೆ ಕೆಲವೇ ಸಾವಿರಕ್ಕೆ ಇಳಿದಿತ್ತು. ಹತ್ತು ವರ್ಷಗಳ ಮುನ್ಸೂಚನೆ ಕಣ್ಣೆದುರೇ ಇತ್ತು. ಆ ಹತ್ತು ವರ್ಷಗಳಲ್ಲಿ ಚರ್ಚೆಯಾದದ್ದು ಕಂಪೆನಿಯನ್ನು ಉಳಿಸಬೇಕೇ ಮುಚ್ಚಬೇಕೇ ಎಂಬುದು. ಮುಚ್ಚಿದರೆ ಊರು ಏನು ಮಾಡಬೇಕು ಎಂಬ ಯೋಜನೆ ಮಾತ್ರ ರೂಪುಗೊಳ್ಳಲಿಲ್ಲ. ಬಾಕಿ ಮೊತ್ತ, ಮನೆಗಳ ಹಕ್ಕು, ಗಣಿಯನ್ನು ಯಾರು ನಡೆಸಬೇಕೆಂಬ ವ್ಯಾಜ್ಯ ಇವೆಲ್ಲ ಮುಚ್ಚಿದ ನಂತರ ವರ್ಷಗಟ್ಟಲೆ ನ್ಯಾಯಾಲಯಗಳಲ್ಲಿ ನಡೆದವು.

ಕಂಪೆನಿಯೇ ನಡೆಸುತ್ತಿದ್ದ ಆಸ್ಪತ್ರೆ, ನೀರು, ನೈರ್ಮಲ್ಯ ಹಂತಹಂತವಾಗಿ ಕುಸಿದವು. ಹಿಂದೆ ಉಳಿದದ್ದು ಸಯನೈಡ್ ದಿಬ್ಬಗಳು. ಗಾಳಿ ಬೀಸಿದಾಗ ಅವುಗಳ ದೂಳು ಇಂದಿಗೂ ಕಾರ್ಮಿಕ ಕೇರಿಗಳ ಮೇಲೆ ಹರಡುತ್ತದೆ. ಆದರೆ ಊರು ಬರಿದಾಗಲಿಲ್ಲ. 2011ರ ಜನಗಣತಿಯಲ್ಲೂ ಅಲ್ಲಿ ಒಂದು ಲಕ್ಷ 60 ಸಾವಿರಕ್ಕೂ ಹೆಚ್ಚು ಜನರಿದ್ದರು. ಅವರನ್ನು ಉಳಿಸಿದ್ದು ಯಾವ ಪುನರ್ವಸತಿ ಯೋಜನೆಯೂ ಅಲ್ಲ, ರೈಲು. ನಸುಕಿನಲ್ಲಿ ಮಾರಿಕುಪ್ಪಂ ನಿಲ್ದಾಣದಿಂದ ಹೊರಡುವ ರೈಲುಗಳಲ್ಲಿ ಸಾವಿರಾರು ಮಂದಿ ಬೆಂಗಳೂರಿಗೆ ಹೋಗಿ ದುಡಿದು ರಾತ್ರಿ ಮರಳುವುದು ಆ ಊರಿನ ದಿನಚರಿಯಾಯಿತು. ದಿನದ ನಾಲ್ಕೈದು ಗಂಟೆ ಪ್ರಯಾಣದಲ್ಲೇ ಕಳೆಯುವ ಈ ಬದುಕು ಸುಖದ್ದಲ್ಲ. ಆದರೂ ಒಂದು ಸತ್ಯವನ್ನು ಅದು ಹೇಳುತ್ತದೆ. ಕೈಗೆ ಕೊಟ್ಟ ಹಣ ಕರಗಿತು, ಕೆಲಸದ ಕಡೆಗೆ ಒಯ್ಯುವ ದಾರಿ ಉಳಿಯಿತು. ಇಡೀ ಊರಿಗೆ ಸಂದ ನೆರವು ಅದೊಂದೇ.

ಸರಕಾರಕ್ಕೆ ಈ ವಿಚಾರ ಹೊಳೆದಿರಲಿಲ್ಲವೆಂದಲ್ಲ. ಆರ್ಥಿಕ ಉದಾರೀಕರಣದ ಬೆನ್ನಲ್ಲೇ, 1992ರಲ್ಲಿ, ರಾಷ್ಟ್ರೀಯ ನವೀಕರಣ ನಿಧಿ ಸ್ಥಾಪನೆಯಾಗಿತ್ತು. ಕೆಲಸ ಕಳೆದುಕೊಂಡವರಿಗೆ ಸಲಹೆ, ಮರುತರಬೇತಿ, ಮರುನಿಯೋಜನೆ ಕೊಡುವುದು ಅದರ ಉದ್ದೇಶಗಳಲ್ಲಿ ಸೇರಿತ್ತು. ಆದರೆ ಅದರ ಹಣದ ಬಹುಪಾಲು ವ್ಯಯವಾದದ್ದು ಸ್ವಯಂ ನಿವೃತ್ತಿಯ ಮೊತ್ತ ಹಂಚಲು. ಕೆಜಿಎಫ್‌ಗೆ ಬೀಗ ಬೀಳುವ ಹೊತ್ತಿಗೆ ಆ ನಿಧಿಯೇ ರದ್ದಾಗಿತ್ತು.

ಬಿಡುವಿದ್ದರೂ ಓದದ ಊರು

ಕೆಲಸ ಹೋದ ಊರಿನ ಮನಸ್ಸಿಗೆ ಏನಾಗುತ್ತದೆ ಎಂಬುದನ್ನು ಮೊದಲು ಕೂಲಂಕಷವಾಗಿ ದಾಖಲಿಸಿದ್ದು ಆಸ್ಟ್ರಿಯಾ ದೇಶದಲ್ಲಿ. ವಿಯೆನ್ನಾ ಬಳಿಯ ಮಾರಿಯೆಂತಾಲ್ ಎಂಬ ಗ್ರಾಮದಲ್ಲಿ ಬಹುತೇಕ ಎಲ್ಲರೂ ಒಂದೇ ಜವಳಿ ಕಾರ್ಖಾನೆಯನ್ನು ನಂಬಿದ್ದರು. 1930ರ ಸುಮಾರಿಗೆ ಅದು ಮುಚ್ಚಿತು. ಮಾರೀ ಯಹೋಡಾ, ಪೌಲ್ ಲಾಜರ್ಸ್‌ಫೆಲ್ಡ್ ಮತ್ತು ಹಾನ್ಸ್ ತ್ಸೈಸೆಲ್ ಎಂಬ ಯುವ ಸಂಶೋಧಕರು ಅಲ್ಲಿ ಅಧ್ಯಯನ ನಡೆಸಿ 1933ರಲ್ಲಿ ಅದನ್ನು ಪ್ರಕಟಿಸಿದರು.

ಅವರು ಕಂಡದ್ದು ಹಸಿವನ್ನು ಮಾತ್ರವಲ್ಲ. ದಿನವಿಡೀ ಬಿಡುವಿದ್ದರೂ ಗ್ರಂಥಾಲಯದಿಂದ ಪುಸ್ತಕ ಒಯ್ಯುವವರು ಕಡಿಮೆಯಾಗಿದ್ದರು. ಬೀದಿಯಲ್ಲಿ ನಡೆಯುವವರ ವೇಗವನ್ನು ಗಡಿಯಾರ ಹಿಡಿದು ಅಳೆದಾಗ ಗಂಡಸರ ನಡಿಗೆ ನಿಧಾನವಾಗಿತ್ತು, ಅಲ್ಲಲ್ಲಿ ನಿಲ್ಲುತ್ತಿದ್ದರು. ಹೆಂಗಸರಿಗೆ ಮನೆಗೆಲಸದ ಒತ್ತಡ ಇಳಿದಿರಲಿಲ್ಲ, ಕಡಿಮೆ ದುಡ್ಡಿನಲ್ಲಿ ಅದೇ ಸಂಸಾರ ತೂಗಿಸಬೇಕಿತ್ತು. ಕೆಲಸ ಕಳೆದುಕೊಂಡವರು ದಂಗೆ ಏಳುತ್ತಾರೆಂಬ ನಿರೀಕ್ಷೆಗೆ ವಿರುದ್ಧವಾಗಿ ಅಲ್ಲಿ ಕವಿದದ್ದು ಜಡತೆ. ಕೆಲಸವೆಂದರೆ ಸಂಬಳದ ಜತೆಗೆ ದಿನಕ್ಕೊಂದು ಕ್ರಮ, ನಾಲ್ಕು ಜನರ ಒಡನಾಟ ಮತ್ತು ತಾನು ಬೇಕಾದವನು ಎಂಬ ಭಾವ ಎಂಬುದನ್ನು ಯಹೋಡಾ ಮುಂದೆಯೂ ಪ್ರತಿಪಾದಿಸಿದರು. ಸೈರನ್ ಸದ್ದಿಗೆ ಎದ್ದು, ಸೈರನ್ ಸದ್ದಿಗೆ ಉಣ್ಣುತ್ತಿದ್ದ ನಮ್ಮ ಕಾರ್ಖಾನೆ ಊರುಗಳಿಗೆ ಈ ಮಾತು ಹೊಸದಾಗಿ ಹೇಳಬೇಕಾದ್ದಲ್ಲ. ಕಾರ್ಮಿಕ ಸಂಘದ ಕಚೇರಿ, ಭಜನಾ ಮಂಡಳಿ, ನಾಟಕ ಸಂಘ, ಗ್ರಂಥಾಲಯ ಇವು ಬಾಗಿಲು ತೆರೆದಿರುವುದು ಪರಿಹಾರದ ಚೆಕ್ಕಿನಷ್ಟೇ ಮುಖ್ಯ.

ಮುಚ್ಚುವ ಮೊದಲೇ ಸಿದ್ಧತೆ

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ಬಳಿಯ ಲಾಂಗ್‌ಬ್ರಿಜ್‌ನಲ್ಲಿದ್ದ ಎಂಜಿ ರೋವರ್ ಕಾರು ಕಾರ್ಖಾನೆ 2005ರ ಏಪ್ರಿಲ್‌ನಲ್ಲಿ ಮುಚ್ಚಿದಾಗ ಸುಮಾರು ಆರು ಸಾವಿರ ಮಂದಿ ಕೆಲಸ ಕಳೆದುಕೊಂಡರು. ಅಲ್ಲಿ ನೆರವಿಗೆ ಬಂದದ್ದು ಐದು ವರ್ಷ ಮೊದಲಿನ ಎಚ್ಚರ. 2000ದಲ್ಲಿ ಬಿಎಂಡಬ್ಲ್ಯು ಕಂಪೆನಿ ಆ ಕಾರ್ಖಾನೆಯನ್ನು ಕೈಬಿಟ್ಟಾಗಲೇ ಸರಕಾರ ಒಂದು ಕಾರ್ಯಪಡೆ ರಚಿಸಿತ್ತು. ಬಿಡಿಭಾಗ ತಯಾರಿಸುವ ಸಣ್ಣ ಉದ್ದಿಮೆಗಳು ಒಬ್ಬನೇ ಗಿರಾಕಿಯನ್ನು ನಂಬದೆ ಬೇರೆ ಮಾರುಕಟ್ಟೆ ಹುಡುಕಲು ಅದು ನೆರವಾಯಿತು. ಹೀಗಾಗಿ ದೊಡ್ಡ ಕಾರ್ಖಾನೆ ಬಿದ್ದಾಗ ಅದರ ಸುತ್ತಲಿನ ಸಣ್ಣ ಕಾರ್ಖಾನೆಗಳಲ್ಲಿ ಹಲವು ಜತೆಗೇ ಬೀಳಲಿಲ್ಲ. ಮುಚ್ಚಿದ ಬಳಿಕ ಉದ್ಯೋಗ ವಿನಿಮಯ, ತರಬೇತಿ, ಸಾಲ ಸಲಹೆ ಎಲ್ಲವನ್ನೂ ಒಂದೆಡೆ ತರುವ ಪ್ರಯತ್ನ ನಡೆಯಿತು.

ಮೂರ್ನಾಲ್ಕು ವರ್ಷಗಳಲ್ಲಿ ಅಲ್ಲಿನ ಕಾರ್ಮಿಕರಲ್ಲಿ ಬಹುಪಾಲು ಮಂದಿಗೆ ಯಾವುದಾದರೊಂದು ಕೆಲಸ ಸಿಕ್ಕಿತು. ಆದರೆ ಹೊಸ ಕೆಲಸದ ಸರಾಸರಿ ಸಂಬಳ ಹಳೆಯದಕ್ಕಿಂತ ಕಡಿಮೆಯೇ ಆಗಿತ್ತು. ಮುಂದುವರಿದ ದೇಶವೊಂದರ ಉತ್ತಮ ಪ್ರಯತ್ನದ ಮಿತಿಯೂ ಇದರಿಂದ ತಿಳಿಯುತ್ತದೆ. ಕಾರ್ಯಪಡೆ ಇದ್ದರೆ ಪವಾಡ ನಡೆಯುವುದಿಲ್ಲ. ಇಲ್ಲದಿದ್ದರೆ ಕೆಜಿಎಫ್ ಆಗುತ್ತದೆ.

ಕಣ್ಣೂರಿನ ಬೀಡಿ ಕಾರ್ಮಿಕರು

ನೆರೆಯ ಕೇರಳದ ಉದಾಹರಣೆಗೆ ಕರ್ನಾಟಕದ ನಂಟಿದೆ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯನ್ನು ಕೇರಳ ಸರಕಾರ ಜಾರಿಗೆ ತರಲು ಮುಂದಾದಾಗ, ಅದನ್ನು ಒಪ್ಪದ ಮಂಗಳೂರು ಮೂಲದ ಬೀಡಿ ಮಾಲೀಕರು 1968ರಲ್ಲಿ ಕಣ್ಣೂರು ಪ್ರದೇಶದ ತಮ್ಮ ಕೇಂದ್ರಗಳನ್ನು ಮುಚ್ಚಿದರು. ಸುಮಾರು 12 ಸಾವಿರ ಕಾರ್ಮಿಕರು ಬೀದಿಗೆ ಬಿದ್ದರು. ಸರಕಾರ ಮತ್ತು ಕಾರ್ಮಿಕ ಸಂಘಗಳು ಕೂಡಿ 1969ರಲ್ಲಿ ದಿನೇಶ್ ಬೀಡಿ ಸಹಕಾರ ಸಂಘವನ್ನು ಆರಂಭಿಸಿದವು. ಮೇಲೊಂದು ಕೇಂದ್ರ ಸಂಘ, ಅದರ ಕೆಳಗೆ ಕಾರ್ಮಿಕರೇ ಸದಸ್ಯರಾದ ಪ್ರಾಥಮಿಕ ಸಂಘಗಳು. ಸರಕಾರದಿಂದ ಬಂದದ್ದು ಸಾಲ ಮತ್ತು ಬಂಡವಾಳ. ಮಾರುಕಟ್ಟೆ ಗಳಿಸಿದ್ದು ಕಾರ್ಮಿಕರ ಶಿಸ್ತು. ಮುಂದೆ ಬೀಡಿಗೆ ಬೇಡಿಕೆ ಕುಗ್ಗುವ ಸೂಚನೆ ಕಂಡಾಗ ಸಂಘ ಕೈಕಟ್ಟಿ ಕೂರದೆ ಆಹಾರ ಪದಾರ್ಥ, ಕೊಡೆ, ಸಿದ್ಧ ಉಡುಪುಗಳ ಕಡೆಗೂ ಹೊರಳಿತು.

ಬೀಡಿ ಕಟ್ಟಲು ಬೇಕಾದದ್ದು ಎಲೆ, ತಂಬಾಕು ಮತ್ತು ಕೈ. ಉಕ್ಕಿನ ಕಾರ್ಖಾನೆಯನ್ನು ಸಹಕಾರ ಸಂಘ ನಡೆಸುವುದು ಅಷ್ಟು ಸುಲಭವಲ್ಲ. ಆದರೆ ಭದ್ರಾವತಿಯಂಥ ಊರಿನಲ್ಲಿ ಫಿಟ್ಟರ್, ಟರ್ನರ್, ವೆಲ್ಡರ್, ಅಚ್ಚು ಹೊಯ್ಯುವವರು, ಎಲೆಕ್ಟ್ರಿಷಿಯನ್‌ಗಳ ಕೈಚಳಕ ಅಪಾರವಾಗಿದೆ. ಸಣ್ಣ ಸಣ್ಣ ಘಟಕಗಳಾಗಿ ಅವರನ್ನು ಒಗ್ಗೂಡಿಸಿ, ಕೃಷಿ ಯಂತ್ರಗಳ ರಿಪೇರಿಯಿಂದ ಹಿಡಿದು ಬಿಡಿಭಾಗಗಳ ತಯಾರಿಕೆಯವರೆಗೆ ಕೆಲಸ ಹಚ್ಚುವುದು ಅಸಾಧ್ಯವಲ್ಲ.

ಯಾರು ಏನು ಮಾಡಬಹುದು?

ಮೇಲಿನ ಅನುಭವಗಳಿಂದ ಹೊರಡುವ ಸಾರ ಇಷ್ಟು. ಪರಿಹಾರವು ಕಳೆದ ವರ್ಷಗಳ ಲೆಕ್ಕ ಚುಕ್ತಾ ಮಾಡುತ್ತದೆ, ಬರುವ ವರ್ಷಗಳಿಗೆ ದಾರಿ ಮಾಡುವುದಿಲ್ಲ. ಆ ದಾರಿಯನ್ನು ಬೀಗ ಬೀಳುವ ಮೊದಲೇ ಮಾಡಬೇಕು.

ಸರಕಾರದ ಮಟ್ಟದಲ್ಲಿ ಮೊದಲ ಕೆಲಸ ಎಣಿಕೆ. ಕಾಯಂ ಕಾರ್ಮಿಕರು, ಗುತ್ತಿಗೆ ಕಾರ್ಮಿಕರು, ಹೊರಗುತ್ತಿಗೆ ಘಟಕಗಳು, ಕಾರ್ಖಾನೆಯನ್ನು ನಂಬಿದ ವ್ಯಾಪಾರಿಗಳು ಎಷ್ಟೆಂಬ ಪಟ್ಟಿ ಜಿಲ್ಲಾಡಳಿತದ ಬಳಿ ಇರಬೇಕು. ಮುಚ್ಚುವ ಅರ್ಜಿ ಬಂದ 60 ದಿನಗಳನ್ನು ಅನುಮತಿ ಕೊಡಬೇಕೇ ಬೇಡವೇ ಎಂಬ ಚರ್ಚೆಗಷ್ಟೇ ಬಳಸದೆ, ಜಿಲ್ಲಾಧಿಕಾರಿಯ ನೇತೃತ್ವದಲ್ಲಿ ಕಾರ್ಮಿಕ ಇಲಾಖೆ, ಕೈಗಾರಿಕಾ ಕೇಂದ್ರ, ಐಟಿಐ, ಬ್ಯಾಂಕುಗಳು, ನಗರಸಭೆ ಒಟ್ಟಿಗೆ ಕುಳಿತು ಊರಿನ ಯೋಜನೆ ರೂಪಿಸಲು ಬಳಸಬಹುದು. ನೀರು, ಆಸ್ಪತ್ರೆ, ಶಾಲೆಗಳನ್ನು ಕಾರ್ಖಾನೆಯಿಂದ ಯಾರು, ಯಾವ ದಿನಾಂಕಕ್ಕೆ, ಯಾವ ಹಣದಲ್ಲಿ ವಹಿಸಿಕೊಳ್ಳುತ್ತಾರೆ ಎಂಬುದು ಮುಚ್ಚುವ ಮೊದಲೇ ಬರಹದಲ್ಲಿರಬೇಕು.

ಎರಡನೆಯದು ಭೂಮಿ. ತುಮಕೂರಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯನ್ನು ಮುಚ್ಚಲು 2016ರಲ್ಲಿ ಒಪ್ಪಿಗೆ ದೊರೆತ ಮೇಲೆ ಅಲ್ಲಿನ ಜಾಗ ಇಸ್ರೋ ಸಂಸ್ಥೆಗೆ ಹೋಯಿತು. ಮುಚ್ಚಿದ ಕಾರ್ಖಾನೆಯ ನೆಲದಲ್ಲಿ ಮತ್ತೆ ಉತ್ಪಾದನೆಯೇ ನಡೆಯುವುದಕ್ಕೂ, ಆ ನೆಲ ಬಡಾವಣೆಯಾಗಿ ಮಾರಾಟವಾಗುವುದಕ್ಕೂ ಊರಿನ ಪಾಲಿಗೆ ಬಹಳ ಅಂತರವಿದೆ. ಹೊಸ ಉದ್ದಿಮೆಗೆ ಜಾಗ ಕೊಡುವಾಗ ಹಳೆಯ ಕಾರ್ಮಿಕರು ಮತ್ತು ಅವರ ಮಕ್ಕಳಿಗೆ ತರಬೇತಿ ಕೊಟ್ಟು ಕೆಲಸಕ್ಕೆ ತೆಗೆದುಕೊಳ್ಳುವ ಷರತ್ತನ್ನೂ ಸೇರಿಸಬಹುದು.

ಮೂರನೆಯದು ತರಬೇತಿ. ಯಾವ ಕೆಲಸಕ್ಕೆಂದು ತಿಳಿಯದೆ ಕೊಡುವ ತರಬೇತಿ ಕೇವಲ ಪ್ರಮಾಣಪತ್ರ ಕೊಡುತ್ತದೆ. ಮೊದಲು ಹತ್ತಿರದ ಉದ್ದಿಮೆಗಳನ್ನು ಕೇಳಿ, ಅವರಿಗೆ ಬೇಕಾದ ಕೆಲಸಕ್ಕೆ ತಕ್ಕ ತರಬೇತಿ ಕೊಡುವುದು ಸರಿಯಾದ ಕ್ರಮ.

ಕಾರ್ಮಿಕರು ಮರೆಯಬಾರದ ಸಂಗತಿಗಳು

ದೊಡ್ಡ ಯೋಜನೆಗಳು ಬರುವ ತನಕ ಕಾರ್ಮಿಕ ಕುಟುಂಬಗಳು ತಮ್ಮ ಹಕ್ಕನ್ನು ತಾವೇ ಕಾಯ್ದುಕೊಳ್ಳಬೇಕಾಗುತ್ತದೆ. ಕಾರ್ಖಾನೆ ತೆರೆದಿರುವಾಗ ಸಿಗುವ ದಾಖಲೆ ಮುಚ್ಚಿದ ಮೇಲೆ ಸಿಗುವುದಿಲ್ಲ ಎಂಬುದನ್ನು ನೆನಪಿಡಬೇಕು.

ನೇಮಕಾತಿ ಪತ್ರ, ವೇತನ ಚೀಟಿ, ಹಾಜರಿ ಕಾರ್ಡು, ಗೇಟ್ ಪಾಸುಗಳ ಪ್ರತಿಗಳನ್ನು ಜೋಪಾನ ಮಾಡಬೇಕು. ಗುತ್ತಿಗೆ ಕಾರ್ಮಿಕರಿಗೆ ಹಳೆಯ ಗೇಟ್ ಪಾಸೇ ಎಷ್ಟೋ ಸಲ ದೀರ್ಘ ಸೇವೆಗೆ ಇರುವ ಒಂದೇ ಸಾಕ್ಷಿ.

ಭವಿಷ್ಯನಿಧಿ ಖಾತೆಯಲ್ಲಿ ಹೆಸರು, ಜನ್ಮದಿನಾಂಕ, ಸೇವೆ ಬಿಟ್ಟ ದಿನಾಂಕ ಸರಿಯಾಗಿವೆಯೇ ಎಂದು ನೋಡಿಕೊಳ್ಳಬೇಕು. ಹತ್ತು ವರ್ಷ ಸೇವೆ ಪೂರೈಸಿದವರಿಗೆ ಪಿಂಚಣಿಯ ಹಕ್ಕಿದೆ. ಹತ್ತು ವರ್ಷ ತುಂಬದವರು ಪಿಂಚಣಿಯ ಹಣವನ್ನು ಅವಸರದಿಂದ ತೆಗೆಯದೆ ಯೋಜನಾ ಪ್ರಮಾಣಪತ್ರ ಪಡೆದರೆ ಮುಂದಿನ ಕೆಲಸದ ಸೇವೆಗೆ ಅದನ್ನು ಸೇರಿಸಿಕೊಳ್ಳಬಹುದು.

ಗ್ರಾಚ್ಯುಟಿ ಸಲ್ಲಬೇಕಾದ ದಿನದಿಂದ 30 ದಿನಗಳೊಳಗೆ ಪಾವತಿಯಾಗಬೇಕು. ತಡವಾದರೆ ಬಡ್ಡಿ ಕೇಳಬಹುದು. ಉದ್ಯೋಗ ಕಡಿತವನ್ನು ಪ್ರಶ್ನಿಸಿ ವಿವಾದ ಎತ್ತಲು ಹೊಸ ಸಂಹಿತೆಯಲ್ಲಿ ಎರಡು ವರ್ಷಗಳ ಗಡುವಿದೆ.

ವಕೀಲರ ಶುಲ್ಕಕ್ಕೆ ಹೆದರಿ ಸುಮ್ಮನಾಗಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಕೈಗಾರಿಕಾ ಕಾರ್ಮಿಕರು ಉಚಿತ ಕಾನೂನು ನೆರವಿಗೆ ಅರ್ಹರು. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಪ್ರಾಧಿಕಾರದ ಕಚೇರಿಗೆ ಅರ್ಜಿ ಸಲ್ಲಿಸಿದರೆ ಸಾಕು.

ಕೈಗೆ ಬಂದ ಪರಿಹಾರದ ಮೊತ್ತವನ್ನು ಮೊದಲ ಆರು ತಿಂಗಳು ಬ್ಯಾಂಕಿನಲ್ಲೇ ಇಟ್ಟು, ಮನೆಯವರೆಲ್ಲ ಕೂತು ಯೋಚಿಸಿ ತೀರ್ಮಾನಿಸುವುದು ಲೇಸು. ಸಂಘಗಳು ಈ ಹೊತ್ತಿನಲ್ಲಿ ಹೋರಾಟದ ಕರಪತ್ರದೊಂದಿಗೆ ಅರ್ಜಿ ಬರೆದುಕೊಡುವ ಒಂದು ಮೇಜನ್ನೂ ಗೇಟಿನ ಮುಂದೆ ಹಾಕಿದರೆ ನೂರಾರು ಕುಟುಂಬಗಳಿಗೆ ಉಪಕಾರವಾಗುತ್ತದೆ.

ಉಳಿದ ಪ್ರಶ್ನೆ

ಭದ್ರಾವತಿಯ ಧರಣಿ ಕಾರ್ಖಾನೆಯ ಆಯುಸ್ಸನ್ನು ಮುಂದಕ್ಕೆ ಒಯ್ದಿತು. ಅದು ಸಣ್ಣ ಸಾಧನೆಯಲ್ಲ. ಆದರೆ ಹೋರಾಟದಿಂದ ದೊರೆತದ್ದು ಮೂಲತಃ ಕಾಲಾವಕಾಶ. ಕೆಜಿಎಫ್‌ಗೂ ಹತ್ತು ವರ್ಷಗಳ ಕಾಲಾವಕಾಶ ಇತ್ತು. ಕಾರ್ಖಾನೆ ಪುನಶ್ಚೇತನಗೊಂಡರೆ ಅದಕ್ಕಿಂತ ಸಂತಸದ ಸಂಗತಿ ಬೇರಿಲ್ಲ. ಪುನಶ್ಚೇತನದ ಭರವಸೆಯೊಂದನ್ನೇ ನಂಬಿ ಕೂರದೆ, ಕಾರ್ಖಾನೆ ನಡೆಯುತ್ತಿರುವಾಗಲೇ ಊರಿಗೆ ಎರಡನೆಯ ಆಸರೆ ಕಟ್ಟಿಕೊಳ್ಳುವುದು ವಿವೇಕ. ಕಾರ್ಖಾನೆ ಉಳಿದರೆ ಆ ಆಸರೆ ಹೆಚ್ಚುವರಿ ಲಾಭ. ಉಳಿಯದಿದ್ದರೆ ಒಂದೂವರೆ ಲಕ್ಷ ಜನರ ಊರಿಗೆ ಅದೇ ಬದುಕು.